ಪೂಜೆ ಆಯ್ತು

ಹಾರನಹಳ್ಳಿಯ ನೀಲಕಂಠಸ್ವಾಮಿಯವರ ನೇಮ ಅಂದರೆ ನೇಮ. ಬೆಳಗ್ಗೆ ಲಿಂಗಪೂಜೆ ಆಗದೆ ತೊಟ್ಟು ನೀರೂ ಗಂಟಲಲ್ಲಿ ಇಳಿಯಬಾರದು. ದೀಕ್ಷೆಯ ದಿನ ಗುರುಗಳಿಗೆ ಕೊಟ್ಟ ಮಾತು, ಎಪ್ಪತ್ತು ದಾಟಿದ ಮೇಲೂ ತಪ್ಪಿರಲಿಲ್ಲ. ಮದುವೆಮನೆಯಲ್ಲಿ ನೆಂಟರೆಲ್ಲ ತಿಂಡಿ ಮುಗಿಸಿ ಎಲೆಅಡಿಕೆ ತಟ್ಟೆಗೆ ಕೈಹಾಕುವ ಹೊತ್ತಿಗೆ ಇವರು ಇನ್ನೂ ಒಳಕೋಣೆಯಲ್ಲಿ ಎಡಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡು ದೃಷ್ಟಿ ನೆಟ್ಟು ಕೂತಿರುತ್ತಿದ್ದರು. ಕಾಶಿಗೆ ಹೋದಾಗ ರೈಲಿನಲ್ಲೂ ಅಷ್ಟೇ. ಬೋಗಿಯವರೆಲ್ಲ ಟೀ ಕುಡಿಯುತ್ತಾ ಇವರನ್ನೇ ನೋಡುತ್ತಿದ್ದರೆ, ಇವರು ಆ ಕುಲುಕಾಟದಲ್ಲೂ ಒಂದು ಹನಿ ಚೆಲ್ಲದ ಹಾಗೆ ಲಿಂಗಕ್ಕೆ ನೀರೆರೆದರು. ಊರವರು ಇದನ್ನೆಲ್ಲ ಕಥೆಮಾಡಿ ಹೇಳುತ್ತಿದ್ದರು. ಇಂಥ ನೇಮಸ್ಥರನ್ನು ಕಟ್ಟಿಕೊಂಡವಳು ದಿನಾ ಎಷ್ಟು ಹೊತ್ತಿಗೆ ಏಳುತ್ತಾಳೆ ಅಂತ ಮಾತ್ರ ಯಾರೂ ಕೇಳಲಿಲ್ಲ. ಸುಂದ್ರಮ್ಮನೂ ಹೇಳಿಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಅದರಲ್ಲಿ ಒಂದಿಷ್ಟು ಹೆಮ್ಮೆಯೇ ಇತ್ತು.

ಗಂಡನಿಗೆ ಆಗದ ಇನ್ನೊಂದು ಅಂದರೆ ಸುಳ್ಳು. ಬೀಜ, ಗೊಬ್ಬರದ ಅಂಗಡಿ ಇಟ್ಟವರು ಅವರು. ತಂದಿಟ್ಟ ಜೋಳದ ಬೀಜದ ಮೇಲೆ ಅನುಮಾನ ಬಂದರೆ, ಮೂಟೆ ಕಣ್ಣೆದುರಿಗೇ ಇದ್ದರೂ "ಇದು ಬ್ಯಾಡ ಕಣಪ್ಪ, ಪಿರಿಯಾಪಟ್ಟಣಕ್ಕೆ ಹೋಗಿ ಬೇರೆ ತಕ್ಕೋ" ಅಂತ ಗಿರಾಕಿಯನ್ನು ಸಾಗಹಾಕುತ್ತಿದ್ದರು. ಮದುವೆಯಾದ ಹೊಸದರಲ್ಲಿ ಒಮ್ಮೆ ಅನ್ನ ಸಾಲದೆ ಬಂದಾಗ ಸುಂದ್ರಮ್ಮ "ನನ್ನ ಊಟ ಆಗಲೇ ಆಯ್ತು" ಅಂದು ಇದ್ದದ್ದೆಲ್ಲ ಗಂಡನಿಗೇ ಬಡಿಸಿದ್ದಳು. ಬೇರೆ ಗಂಡಸಾಗಿದ್ದರೆ ಎಂಥ ಹೆಂಡತಿ ಸಿಕ್ಕಳಪ್ಪಾ ಅಂತ ಉಬ್ಬಿಹೋಗುತ್ತಿದ್ದ. ಇವರು ಪಾತ್ರೆ ನೋಡಿ, ತೊಳೆದಿಟ್ಟದ್ದು ತಮ್ಮ ತಟ್ಟೆಯೊಂದೇ ಅನ್ನುವುದು ನೋಡಿ, ಮಾತು ಬಿಟ್ಟರು. ಆಮೇಲೆ ಒಂದು ಬೆಳಗ್ಗೆ ತಾವಾಗಿಯೇ, "ಹಸಿವಾದ್ರೆ ಹಸಿವು ಅನ್ನು ಸುಂದ್ರಾ. ನಿನ್ನ ಮಾತ್ನೇ ನಂಬಕಾಗ್ದಿದ್ರೆ ನಾನಿನ್ಯಾರ ಮಾತು ನಂಬ್ಲಿ?" ಅಂದರು. ಅವತ್ತಿನಿಂದ ಸುಂದ್ರಮ್ಮ ಗಂಡನ ಹತ್ತಿರ ಹುಸಿಯಾಡಿದವಳಲ್ಲ.

ತಲೆ ಕೈಕೊಡಲು ಶುರುವಾಗಿದ್ದು ಅಂಗಡಿಯಲ್ಲೇ. ಶುಂಠಿಗೆ ಕೊಳೆರೋಗ ಬಂದಿದೆ ಔಷಧಿ ಕೊಡಿ ಅಂತ ಬಂದವನಿಗೆ ಇವರು ಕಳೆ ಸುಡುವ ಔಷಧಿಯ ಡಬ್ಬ ತೆಗೆದುಕೊಟ್ಟರು. ಮಗ ಶಿವಶಂಕರ್ ಪಕ್ಕದಲ್ಲಿದ್ದದ್ದಕ್ಕೆ ಆ ಪುಣ್ಯಾತ್ಮನ ಶುಂಠಿ ಉಳಿಯಿತು. ವಯಸ್ಸಾಯ್ತು, ಕಣ್ಣು ಮಂಜಾಗಿದೆ ಅಂತ ಎಲ್ಲರೂ ಸಮಾಧಾನ ಮಾಡಿಕೊಂಡರು. ಆಮೇಲೊಂದು ದಿನ ಪಂಚೆಯನ್ನು ಕೈಯಲ್ಲಿ ಹಿಡಿದು, ಇದನ್ನು ಏನು ಮಾಡಬೇಕು ಅಂತ ತಿಳಿಯದೆ ಮನೆಯೊಳಗಿನ ಹಟ್ಟಿಯಲ್ಲಿ ನಿಂತುಬಿಟ್ಟಿದ್ದರು. ಸುಂದ್ರಮ್ಮ ಹೋಗಿ ಉಡಿಸಿದಳು. ಉಡಿಸುವಾಗ ಅವರು ಅವಳ ಮುಖ ನೋಡಲಿಲ್ಲ, ನಾಚಿಕೆಯಿಂದ ಗೋಡೆ ನೋಡಿದರು. ಅವಳಿಗೆ ಅಲ್ಲೇ ಗೊತ್ತಾಯಿತು, ಇದು ಕಣ್ಣಿನ ಮಂಜಲ್ಲ ಅಂತ.

ಹುಣಸೂರಿನ ಡಾಕ್ಟರು ನೋಡಿ, ಮೈಸೂರಿನಲ್ಲಿ ಸ್ಕ್ಯಾನ್ ಮಾಡಿಸಿಕೊಂಡು ಬರಲು ಹೇಳಿದರು. ಆ ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದು ಅಲ್ಲಲ್ಲಿ ಚುಕ್ಕಿ ತೋರಿಸಿದರು. "ಬಿ.ಪಿ. ಎಷ್ಟು ವರ್ಷದಿಂದ ಇದೆಯೋ, ನೀವು ತೋರಿಸ್ಕೊಂಡೇ ಇಲ್ಲ. ತಲೆ ಒಳಗಿನ ಸಣ್ಣ ಸಣ್ಣ ರಕ್ತನಾಳ ಗಟ್ಟಿಯಾಗಿ ಕಿರಿದಾಗಿಬಿಟ್ಟಿವೆ. ರಕ್ತ ಸಿಗದೆ ಮೆದುಳು ಅಲ್ಲಲ್ಲೇ ಸತ್ತಿದೆ."

'ಸತ್ತಿದೆ' ಅನ್ನುವ ಮಾತಿಗೆ ಸುಂದ್ರಮ್ಮ ಗಂಡನ ಕಡೆ ತಿರುಗಿದಳು. ಬದುಕಿ ಪಕ್ಕದಲ್ಲಿ ಕೂತು ಅಂಗಿಯ ಗುಂಡಿ ತಿರುಗಿಸುತ್ತಿದ್ದಾರಲ್ಲ, ಇವರೊಳಗೆ ಸತ್ತಿರುವುದು ಯಾವುದು?

"ಸತ್ತ ಭಾಗ ಮತ್ತೆ ಚಿಗುರಲ್ಲಮ್ಮ," ಅಂದರು ಡಾಕ್ಟರು. "ಇವರು ಮೆಟ್ಟಿಲು ಇಳಿದ ಹಾಗೆ ಇಳೀತಾರೆ. ಕೆಲವು ತಿಂಗಳು ಹೀಗೇ ಇರ್ತಾರೆ. ಒಂದು ಸಣ್ಣ ಸ್ಟ್ರೋಕ್ ಆಗುತ್ತೆ, ಒಂದು ಮೆಟ್ಟಿಲು ಕೆಳಗೆ ಹೋಗ್ತಾರೆ. ಹತ್ತಿಸೋಕೆ ನಮ್ಮ ಕೈಲಿ ಆಗಲ್ಲ. ಇನ್ನೊಂದು ಮೆಟ್ಟಿಲು ಇಳೀದಂಗೆ ನೋಡ್ಕೋಬೋದು ಅಷ್ಟೆ. ಬೆಳಗ್ಗೆ ಹೊತ್ತು ಬಿ.ಪಿ. ಏರೋದು ಜಾಸ್ತಿ. ಎದ್ದ ತಕ್ಷಣ ಏನಾದ್ರೂ ತಿನ್ನಿಸಿ, ಎಂಟು ಗಂಟೆ ಒಳಗೆ ಮಾತ್ರೆ ಹೊಟ್ಟೇಲಿರ್ಬೇಕು. ಒಂದು ದಿನಾನೂ ತಪ್ಪಬಾರದು."

ವಾಪಸ್ ಬರುವಾಗ ಬಸ್ಸಿನಲ್ಲಿ ಶಿವಶಂಕರ್ ಅವ್ವನಿಗೆ ಅವಳಿಗೆ ತಿಳಿಯುವ ಹಾಗೆ ಹೇಳಿದ. "ನಮ್ಮ ಶುಂಠಿ ತಾಕಿನ ಹನಿ ಪೈಪ್ ನೋಡಿದೀಯಲ್ಲವ್ವ? ಬೋರ್ ನೀರಿನ ಸುಣ್ಣ ಒಳಗೊಳಗೇ ಕಟ್ಕೊಂಡು ತೂತು ಮುಚ್ಚೋಯ್ತದೆ. ಮೋಟ್ರು ಓಡ್ತಾನೇ ಇರ್ತದೆ, ಒಂದ್ಕಡೆ ಗಿಡ ಒಣಗ್ತಾನೇ ಇರ್ತದೆ."

"ಪೈಪ್ ಬದಲಾಯಿಸ್ತೀವಲ್ಲಪ್ಪ."

"ಇದನ್ನ ಬದಲಾಯಿಸಕಾಗಲ್ಲ ಕಣವ್ವ."

ಸುದ್ದಿ ಹರಡಿದ ಮೇಲೆ ಸಲಹೆಗಳಿಗೇನೂ ಬರವಿರಲಿಲ್ಲ. ಚುಂಚನಕಟ್ಟೆಯ ನಾದಿನಿ ಒಂದೆಲಗದ ರಸ ಕುಡಿಸು ಅಂದಳು. ಎದುರುಮನೆಯವರು ಹಸಿ ಬೆಳ್ಳುಳ್ಳಿ ಅಂದರು. ಮೈಸೂರಿನ ಯಾರೋ ಒಬ್ಬರು ಮೊಬೈಲಿಗೆ ವೀಡಿಯೋ ಕಳಿಸಿದರು, ಅದರಲ್ಲೊಬ್ಬ ಬಿಸಿನೀರು ಕುಡಿದರೆ ನರನಾಡಿಯೆಲ್ಲ ತೊಳೆದುಹೋಗುತ್ತದೆ ಅಂತ ಕೈ ಕುಣಿಸಿ ಹೇಳುತ್ತಿದ್ದ. ಎಲ್ಲವೂ ಸರಿಯೇ. ಆದರೆ ಒಂದೆಲಗವಾಗಲಿ ಮಾತ್ರೆಯಾಗಲಿ ಗಂಟಲಿಗೆ ಇಳಿಯಬೇಕಾದರೆ ಮೊದಲು ಪೂಜೆ ಆಗಬೇಕಲ್ಲ. ಆ ಕಷ್ಟ ಸಲಹೆ ಕೊಟ್ಟವರ ಪೈಕಿ ಯಾರಿಗೂ ಹೊಳೆಯಲಿಲ್ಲ.

ಪೂಜೆ ಮೊದಲು ಅರ್ಧ ಗಂಟೆಯ ಕೆಲಸ. ಈಗ ಅದು ಬೆಳೆಯುತ್ತಾ ಹೋಯಿತು. ಲಿಂಗಕ್ಕೆ ನೀರೆರೆದು, ಒರೆಸಿ, ವಿಭೂತಿ ಹಚ್ಚಿ, ಪತ್ರೆ ಏರಿಸುವ ಹೊತ್ತಿಗೆ ನೀರೆರೆದದ್ದು ಮರೆತುಹೋಗುತ್ತಿತ್ತು. ಪತ್ರೆ ತೆಗೆದಿಟ್ಟು ಮತ್ತೆ ಮೊದಲಿನಿಂದ. ಸುಂದ್ರಮ್ಮ ತನ್ನ ಪೂಜೆ ಬೇಗ ಮುಗಿಸಿ ಬಂದು ಪಕ್ಕದಲ್ಲೇ ಕೂರತೊಡಗಿದಳು. "ಆಯ್ತು ಕಣ್ರೀ, ಏಳಿ" ಅನ್ನುವಳು.

"ಆಯ್ತಾ? ವಿಭೂತಿ ಹಚ್ಚಿದ್ನಾ?"

"ಹಚ್ಚಿದ್ರಿ. ಪತ್ರೆನೂ ಏರ್ಸಿದ್ರಿ. ನಾನೇ ನೋಡ್ದೆ."

ಅಷ್ಟು ಸಾಕಾಗುತ್ತಿತ್ತು. ಮರುಮಾತಿಲ್ಲದೆ ಲಿಂಗವನ್ನು ಬೆಳ್ಳಿ ಕರಡಿಗೆಯೊಳಗಿಟ್ಟು ಮುಚ್ಚಿ, ಕೊರಳಿಗೆ ಹಾಕಿಕೊಂಡು ಏಳುವರು. ತನ್ನ ಒಂದು ಮಾತಿನ ಆಸರೆಯಲ್ಲಿ ಗಂಡನ ಇಡೀ ದಿನ ನಿಂತಿದೆ ಅಂತ ಅವಳಿಗೆ ಆಗ ಅನ್ನಿಸುತ್ತಿತ್ತು. ಕಷ್ಟದಲ್ಲೂ ಅದೊಂದು ಸುಖ.

ಕೆಟ್ಟ ದಿನಗಳಲ್ಲಿ ಮಾತ್ರ ಆ ಮಾತಿಗೂ ದಾರಿಯಿರುತ್ತಿರಲಿಲ್ಲ. ಸ್ನಾನಕ್ಕೇ ಏಳುತ್ತಿರಲಿಲ್ಲ. ಎದ್ದರೆ ಬಚ್ಚಲಲ್ಲಿ ಬಿಸಿನೀರು ಆರುವ ತನಕ ನಿಂತಿರುವರು. ಹತ್ತು ಗಂಟೆಯಾದರೂ ಪೂಜೆಗೆ ಕೂತಿಲ್ಲ, ಪೂಜೆಯಾಗದೆ ನೀರಿಲ್ಲ. ಎಲ್ಲ ಮರೆಯುತ್ತಿದ್ದ ಆ ತಲೆ ಇದೊಂದನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡಿತ್ತು. ಪೂಜಾ ಅನ್ನುವ ಸೊಸೆ ತಿಂಡಿಯ ತಟ್ಟೆ ಹಿಡಿದು "ಮಾವ, ಒಂದು ಚೂರು" ಅಂತ ಬೇಡಿಕೊಂಡರೆ, ಕೈ ಅಡ್ಡ ಇಟ್ಟು "ಪೂಜೆ ಆಗಿಲ್ವಲ್ಲವ್ವ" ಅನ್ನುವರು. ಆ ಮಾತಿನಲ್ಲಿ ಎಷ್ಟು ನಯ ಇರುತ್ತಿತ್ತೆಂದರೆ, ಜೋರು ಮಾಡಲು ಯಾರಿಗೂ ಬಾಯಿ ಬರುತ್ತಿರಲಿಲ್ಲ.

ಹಾಗೆ ಹೊತ್ತೇರಿದ ಒಂದು ದಿನ, ಲಿಂಗ ಎಡಗೈಯಲ್ಲಿರುವಾಗಲೇ ಬಲಗೈಯಿಂದ ನೀರಿನ ಬಟ್ಟಲು ಜಾರಿ ಬಿತ್ತು. ಸುಂದ್ರಮ್ಮ ನೋಡಿದರೆ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಲಿಂಗ ಬೀಳದ ಹಾಗೆ ಅವಳು ತನ್ನ ಎರಡೂ ಕೈಯನ್ನು ಅವರ ಅಂಗೈ ಕೆಳಗೆ ಕೊಟ್ಟು ಮಗನನ್ನು ಕೂಗಿದಳು. ಬಾಯಿ ಸಂಜೆಗೆ ಸರಿಹೋಯಿತು. ಆದರೆ ಅಂದಿನಿಂದ ಮೊಮ್ಮಗಳ ಹೆಸರು ಹೋಯಿತು, ಬಚ್ಚಲು ಯಾವ ಕಡೆ ಅನ್ನುವುದು ಹೋಯಿತು. ಡಾಕ್ಟರು ಹೇಳಿದ ಮೆಟ್ಟಿಲು ಇದೇ ಇರಬೇಕು.

"ಬೆಳಗ್ಗೆ ಮಾತ್ರೆ ಎಷ್ಟು ಹೊತ್ತಿಗೆ ಕೊಟ್ಟಿದ್ರಿ?" ಅಂತ ಹುಣಸೂರಿನಲ್ಲಿ ಡಾಕ್ಟರು ಕೇಳಿದರು. ಸುಂದ್ರಮ್ಮ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪೂಜೆ ತಡ ಆದ್ರೆ ದೇವರು ಬೇಜಾರು ಮಾಡ್ಕೊಳ್ಳಲ್ಲಮ್ಮ. ಬಿ.ಪಿ. ಬೇಜಾರು ಮಾಡ್ಕೊಳುತ್ತೆ. ಇನ್ನೊಂದು ಸಲ ಹಿಂಗಾದ್ರೆ ನಿಮ್ಮನ್ನೇ ಗುರುತು ಹಿಡೀದೆ ಹೋಗ್ಬೋದು."

ಮನೆಗೆ ಬಂದ ಮೇಲೆ ಶಿವಶಂಕರ್ ಅಡುಗೆಮನೆ ಬಾಗಿಲಿಗೆ ಒರಗಿ ನಿಂತು ಮೆಲ್ಲಗೆ ಅಂದ, "ಆಯ್ತು ಅಂದ್ಬುಡವ್ವ."

"ಏನು ಆಯ್ತು?"

"ಪೂಜೆ. ಎದ್ದ ತಕ್ಷಣ ಪೂಜೆ ಆಯ್ತು, ತಿಂಡಿ ತಿನ್ನಿ ಅಂದ್ಬುಡು. ಅಪ್ಪಂಗೆ ಎಲ್ಲಿ ಗ್ಯಾನ ಇರ್ತದೆ?"

ಸುಂದ್ರಮ್ಮನಿಗೆ ರೇಗಿಹೋಯಿತು. "ನಿಮ್ಮಪ್ಪನ ನೇಮ ನನ್ ಕೈಯಾರೆ ಕೆಡಿಸ್ಲಾ? ನಾನೂ ಲಿಂಗ ಕಟ್ಕಂಡಿರೋಳು ಕಣೋ. ನಾಳೆ ನಾನು ಯಾವ ಮುಖ ಇಟ್ಕಂಡು ಪೂಜೆಗೆ ಕೂರ್ಲಿ?"

"ನೇಮ ಉಳಿಸ್ಕೋಬೇಕೋ ಅಪ್ಪನ್ನ ಉಳಿಸ್ಕೋಬೇಕೋ, ನೀನೇ ಹೇಳು."

ಗುರುತು ಹಿಡಿಯದೆ ಹೋಗಬಹುದು ಅಂದಿದ್ದರಲ್ಲ ಡಾಕ್ಟರು, ಆ ಭಯ ಉಳಿದೆಲ್ಲ ಭಯಗಳನ್ನು ಮೂಲೆಗೆ ತಳ್ಳಿತ್ತು.

ಮರುದಿನ ಬೆಳಗ್ಗೆ ಉಪ್ಪಿಟ್ಟಿನ ತಟ್ಟೆ ಹಿಡಿದು ಹಾಸಿಗೆಯ ಹತ್ತಿರ ಹೋದಳು. ಅವರು ಎದ್ದು ಕೂತು ಕಿಟಕಿ ನೋಡುತ್ತಿದ್ದರು.

"ತಿಂಡಿ ತಿನ್ನಿ."

"ಪೂಜೆ?"

ಸುಂದ್ರಮ್ಮ ತಟ್ಟೆಯಲ್ಲಿ ತುತ್ತು ಕಲಸುತ್ತಾ ಅಂದಳು, "ಆಯ್ತು ಕಣ್ರೀ."

ನೀಲಕಂಠಸ್ವಾಮಿ ಅವಳ ಮುಖವನ್ನೇ ನೋಡಿದರು. ನೆನಪಿನೊಳಗೆ ಏನನ್ನೋ ತಡಕಾಡಿ, ಸಿಗದೆ, ಕೊನೆಗೆ ನಕ್ಕರು. "ನೀನು ಹೇಳ್ತೀಯ ಅಂದ್ಮೇಲೆ ಆಗಿರ್ತದೆ ಬುಡು," ಅಂದು ಬಾಯಿ ತೆರೆದರು. ಸುಂದ್ರಮ್ಮ ತುತ್ತು ಇಟ್ಟಳು. ಮಾತ್ರೆ ನುಂಗಿಸಿ ಅಡುಗೆಮನೆಗೆ ಬಂದವಳು ಒಲೆಯ ಮುಂದೆ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಬೈದಿದ್ದರೆ, ಅನುಮಾನಪಟ್ಟಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಒಂದು ಸುಳ್ಳಿಗೆ ಮುಗಿಯಲಿಲ್ಲ. ಒಂದು ದಿನ ತಿನ್ನುತ್ತಿದ್ದವರು ತಮ್ಮ ಬೆರಳು ನೋಡಿಕೊಂಡು, "ಪೂಜೆ ಆಯ್ತು ಅಂತೀಯ, ಕೈಯಲ್ಲಿ ವಿಭೂತಿನೇ ಇಲ್ವಲ್ಲೇ?" ಅಂದರು. ಅಂಗಡಿಯಲ್ಲಿ ಕೂತು ಅವರಿವರ ಮಾತು ಅಳೆದ ಬುದ್ಧಿ ಎಲ್ಲೋ ಒಂದು ಮೂಲೆಯಲ್ಲಿ ಇನ್ನೂ ಎಚ್ಚರವಾಗಿತ್ತು. ಸುಂದ್ರಮ್ಮ "ಕೈ ತೊಳ್ಕೊಂಡ್ರಲ್ಲ" ಅಂದಳು. ಅದು ಎರಡನೆಯ ಸುಳ್ಳು. ಮಾರನೆಯ ದಿನದಿಂದ ಅವರು ಏಳುವ ಮೊದಲೇ ವಿಭೂತಿ ಅದ್ದಿ ಹಣೆಗೆ ಮೂರು ಬೆರಳು ಎಳೆಯುವಳು, ಅಂಗೈಗೆ ಒಂದಿಷ್ಟು ಸವರುವಳು. ಕರಡಿಗೆಗೆ ತೇವದ ಕೈ ಒರೆಸುವಳು. ದಿಂಬಿನ ಪಕ್ಕ ಎರಡು ಬಿಲ್ವದ ಎಲೆ ಉದುರಿಸುವಳು. ಸಾಕ್ಷಿ ಹುಟ್ಟಿಸುವ ಕೆಲಸ ಇಷ್ಟು ಸಲೀಸಾಗಿ ತನಗೆ ಬರುತ್ತದೆ ಅಂತ ಅವಳಿಗೇ ಗೊತ್ತಿರಲಿಲ್ಲ. ಮಧ್ಯಾಹ್ನ ಅವರನ್ನು ಕೂರಿಸಿ, ಕೈಹಿಡಿದು, ನಿಜವಾದ ಪೂಜೆ ಮಾಡಿಸುವಳು. ತಾನು ಮಾತ್ರ ಅದಾಗುವ ತನಕ ಉಪವಾಸ ಇರುವಳು. ಶಿವನಿಗೆ ಈ ಲೆಕ್ಕ ಒಪ್ಪಿಗೆಯಾಗುತ್ತದೋ ಇಲ್ಲವೋ, ಅವಳಿಗೆ ಬೇರೆ ಲೆಕ್ಕ ತಿಳಿಯದು.

ಅನ್ಯಾಯವೆಂದರೆ, ಆ ಸುಳ್ಳು ಚೆನ್ನಾಗಿ ಕೆಲಸ ಮಾಡಿತು. ಬಿ.ಪಿ. ಹತೋಟಿಗೆ ಬಂತು. ಡಾಕ್ಟರು ಬೆನ್ನು ತಟ್ಟಿ "ಇದನ್ನೇ ಮುಂದುವರಿಸಿ" ಅಂದರು. ನೀಲಕಂಠಸ್ವಾಮಿ ಹಟ್ಟಿಯಲ್ಲಿ ಓಡಾಡುವರು, ಎರಡು ಹೊತ್ತು ಉಣ್ಣುವರು, ಮುಸ್ಸಂಜೆ ಜಗುಲಿಯಲ್ಲಿ ಕೂತು "ಸುಂದ್ರಾ, ಸುಂದ್ರಾ" ಅಂತ ಸುಮ್ಮನೆ ಕರೆಯುವರು. ಏನು ಅಂತ ಹೋದರೆ ಏನೂ ಇಲ್ಲ. ಇದ್ದಾಳೋ ಇಲ್ಲವೋ ನೋಡಿಕೊಳ್ಳುವುದು ಅಷ್ಟೆ. ಹೀಗೇ ಇದ್ದುಬಿಟ್ಟರೆ ಸಾಕು ಶಿವನೇ, ನರಕಕ್ಕೆ ಬೇಕಾದರೆ ನಾನು ಹೋಗುತ್ತೇನೆ ಅಂತ ಸುಂದ್ರಮ್ಮ ಅಂದುಕೊಂಡಳು.

ಹೊಗೆಸೊಪ್ಪು ಬೇಯಿಸುವ ಕಾಲ ಬಂತು. ಊರ ತುಂಬ ಸೊಪ್ಪು ಬೇಯಿಸುವ ಬ್ಯಾರನ್ ಮನೆಗಳಿಂದ ಆ ಸಿಹಿಗಮಟು ವಾಸನೆ ಕವಿದಿತ್ತು. ಒಂದು ಬೆಳಗ್ಗೆ ಎಂದಿನ ಹಾಗೆ ವಿಭೂತಿ ಅದ್ದಿ ಹಣೆಗೆ ಎಳೆಯುತ್ತಿದ್ದಾಗ ಅವರ ಕೈ ಬಂದು ಅವಳ ಮಣಿಕಟ್ಟು ಹಿಡಿಯಿತು.

"ಏನ್ ಮಾಡ್ತಿದೀಯೇ ಸುಂದ್ರಾ?"

ದನಿ ಹಳೆಯದು. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಮಾತಾಡುತ್ತಿದ್ದ, ತೊದಲಿಲ್ಲದ ದನಿ. ಅಂಥ ಬೆಳಗುಗಳು ಅಪರೂಪಕ್ಕೊಮ್ಮೆ ಬರುತ್ತಿದ್ದವು, ಮೋಡ ಸರಿದ ಹಾಗೆ. ಬೇರೆ ಯಾವತ್ತಾದರೂ ಆಗಿದ್ದರೆ ಅವಳು ಕುಣಿದಾಡಿಬಿಡುತ್ತಿದ್ದಳು.

"ವಿಭೂತಿ ಹಚ್ತಿದೀನಿ ಕಣ್ರೀ."

"ಮಲಗಿರೋನಿಗೆ? ಸ್ನಾನ ಇಲ್ಲ, ಪೂಜೆ ಇಲ್ಲ. ಹೆಣಕ್ಕೆ ಹಚ್ಚೋ ಅಂಗೆ ಹಚ್ತಿದೀಯಲ್ಲೇ." ಅವರ ಕಣ್ಣು ಸ್ಟೂಲಿನ ಕಡೆ ಹೋಯಿತು. ಅಲ್ಲಿ ಉಪ್ಪಿಟ್ಟು ಹಬೆಯಾಡುತ್ತಿತ್ತು. ಪಕ್ಕದಲ್ಲಿ ಮಾತ್ರೆ, ನೀರಿನ ಲೋಟ. ದಿಂಬಿನ ಮೇಲೆ ಬಿಲ್ವದ ಎಲೆ. ಒಂದೊಂದನ್ನೂ ನಿಧಾನವಾಗಿ ನೋಡಿದರು. ಅವರಿಗೆ ಅರ್ಥವಾಗುವುದನ್ನು ಸುಂದ್ರಮ್ಮ ನಿಂತು ನೋಡಬೇಕಾಯಿತು.

"ಎಷ್ಟು ದಿನದಿಂದ?"

ಈಗ ಇನ್ನೊಂದು ಸುಳ್ಳು ಹೇಳಿದ್ದರೆ ಉಳಿದುಕೊಳ್ಳುತ್ತಿದ್ದಳೋ ಏನೋ. ಆದರೆ ಕೇಳುತ್ತಿದ್ದವರು ಅವಳ ನಿಜವಾದ ಗಂಡ. ಎಷ್ಟೋ ತಿಂಗಳ ಮೇಲೆ ಸಿಕ್ಕಿದವರು. ಅವರ ಮುಂದೆ ಅವಳಿಗೆ ಸುಳ್ಳು ಬರಲಿಲ್ಲ.

"ಮುಂಗಾರು ಬಿದ್ದಾಗಿಂದ."

"ದಿನಾನಾ?"

"ದಿನಾ."

ಅವರು ಮಣಿಕಟ್ಟು ಬಿಟ್ಟರು. ಕೂಗಲಿಲ್ಲ, ತಟ್ಟೆ ಎಸೆಯಲಿಲ್ಲ. "ನೀನು ಆಯ್ತು ಅಂದೆ. ನಾನು ಆಯ್ತು ಅನ್ಕಂಡೆ," ಅಂದರು. ಅಂದು ಮುಖ ಮುಚ್ಚಿಕೊಂಡು ಮಕ್ಕಳ ಹಾಗೆ ಅತ್ತರು. ಸುಂದ್ರಮ್ಮ ಕಾಲು ಹಿಡಿದಳು. "ನಿಮ್ಮನ್ನ ಉಳಿಸ್ಕೊಳಕೆ ಕಣ್ರೀ, ಬೇರೆ ದಾರಿ ಕಾಣ್ದೆ" ಅಂದಳು. ಕಾಲು ಹಿಂದಕ್ಕೆ ಎಳೆದುಕೊಂಡರು.

ತಾವೇ ಎದ್ದು, ತಾವೇ ತಣ್ಣೀರು ಸುರಿದುಕೊಂಡು ಬಂದು ಪೂಜೆಗೆ ಕೂತರು. ಲಿಂಗ ಅಂಗೈಗೆ ಬಂತು. ಮುಂದೇನು ಅನ್ನುವುದು ಬರಲಿಲ್ಲ. ನೀರೋ, ಪತ್ರೆಯೋ, ವಿಭೂತಿಯೋ? ಬಲಗೈ ಒಂದರ ಮೇಲೆ ಹೋಗಿ, ನಿಂತು, ಇನ್ನೊಂದರ ಕಡೆ ಸರಿಯುತ್ತಿತ್ತು. ಸುಂದ್ರಮ್ಮ ಬಾಗಿಲಿನಿಂದ "ನೀರು ಕಣ್ರೀ" ಅಂದರೆ ನೀರನ್ನೇ ದೂರ ಸರಿಸಿದರು. ಅವಳು ಹೇಳಿದ್ದು ಇನ್ನು ಯಾವುದೂ ಬೇಡ. ಹಾಗೇ ಕತ್ತಲಾಗುವ ತನಕ ಕೂತರು. ಶಿವಶಂಕರ್ ಮಾತ್ರೆ ಹಿಡಿದು ಕಾಲಿಗೆ ಬಿದ್ದ. "ಅವ್ಳ ಕೈದು ಬ್ಯಾಡ" ಅಂದರು. ಮಾರನೆಯ ದಿನವೂ ಅದೇ. ಅದರ ಮರುದಿನ ಬೆಳಕು ಹರಿದಾಗ ಬಲಗಡೆ ಪೂರ್ತಿ ಬಿದ್ದುಹೋಗಿತ್ತು.

ಮೈಸೂರಿನ ಆಸ್ಪತ್ರೆಯಿಂದ ವಾಪಸ್ ಬಂದವರಿಗೆ ಊರು ಗೊತ್ತಿರಲಿಲ್ಲ, ಮನೆ ಗೊತ್ತಿರಲಿಲ್ಲ. ಕೊರಳಲ್ಲಿದ್ದ ಕರಡಿಗೆ ಏನು ಅಂತ ತಿಳಿಯದೆ ಉಗುರಿನಿಂದ ಕೆರೆಯುತ್ತಿದ್ದರು. ಒಂದು ಸಲ ಬಾಯಿಗೂ ಇಟ್ಟುಕೊಂಡರು. ಪೂಜೆ ಆಯ್ತಾ ಅಂತ ಕೇಳುವ ಮಾತೇ ಮಾಯವಾಗಿತ್ತು. ಮೂರು ಹೊತ್ತು ತಿನ್ನಿಸಿದರೂ ತಡೆಯುವ ನೇಮ ಇರಲಿಲ್ಲ.

ಆದರೆ ಸುಂದ್ರಮ್ಮ ತಟ್ಟೆ ಹಿಡಿದು ಹತ್ತಿರ ಹೋದರೆ ಹಲ್ಲು ಕಚ್ಚಿ ಗೋಡೆಗೆ ತಿರುಗಿದರು. "ತಿನ್ನಿ ಕಣ್ರೀ" ಅನ್ನುವ ದನಿ ಕೇಳಿದರೆ ಸಾಕು, ಬಳೆ ಸದ್ದಾದರೆ ಸಾಕು, ಎಡಗೈ ಬೀಸಿ ತಳ್ಳುವರು. "ಸುಳ್ಳಿ," ಅನ್ನುವರು. ಬಾಯಲ್ಲಿ ಉಳಿದಿದ್ದ ಕೆಲವೇ ಮಾತುಗಳಲ್ಲಿ ಅದೊಂದು ಸ್ಪಷ್ಟವಾಗಿತ್ತು. ನೇಮ ಮರೆತಿತ್ತು, ನೇಮ ಕೆಡಿಸಿದವಳು ಮರೆತಿರಲಿಲ್ಲ. ಇಡೀ ತಲೆ ಒಣಗಿಹೋದರೂ ಈ ಒಂದು ಕಳೆ ಹಸಿರಾಗಿಯೇ ಉಳಿದದ್ದು ಯಾವ ನ್ಯಾಯವೋ. ಸುಂದ್ರಮ್ಮ ದೇವರಕೋಣೆಗೆ ಹೋಗಿ, ಏನೂ ಬೇಡಿಕೊಳ್ಳಲು ತೋಚದೆ ವಾಪಸ್ ಬಂದಳು.

ಸರಗೂರಿನಿಂದ ನೀಲಾಂಬಿಕೆಯನ್ನು ಕರೆಸಿದರು. ದೂರದ ನೆಂಟಳು, ಗಂಡ ತೀರಿಕೊಂಡವಳು, ಮುದುಕರ ಆರೈಕೆ ಗೊತ್ತಿದ್ದವಳು. ಬಿಳಿ ಸೀರೆ, ತಲೆಯ ಮೇಲೆ ಸೆರಗು, ಬಳೆಯಿಲ್ಲದ ಕೈ. ಬಂದವಳೇ "ಅಣ್ಣಾ, ಒಂದು ತುತ್ತು" ಅಂದಳು. ನೀಲಕಂಠಸ್ವಾಮಿ ಬಾಯಿ ತೆರೆದರು. "ತಂಗವ್ವ" ಅಂತ ಕರೆಯತೊಡಗಿದರು. ಅವಳ ಕೈಯಿಂದ ಗಂಜಿ, ಅವಳ ಕೈಯಿಂದ ಮಾತ್ರೆ. ಸುಂದ್ರಮ್ಮ ಬಾಗಿಲ ಹಿಂದೆ ನಿಂತು ನೋಡುವಳು. ಹೊಟ್ಟೆ ತಂಪಾಗುತ್ತಿತ್ತು, ಹೊಟ್ಟೆ ಉರಿಯುತ್ತಲೂ ಇತ್ತು.

ನೀಲಾಂಬಿಕೆಯ ಮಗಳಿಗೆ ಹೆರಿಗೆ ನೋವು ಬಂತು ಅಂತ ಫೋನ್ ಬಂದ ದಿನ ಅವಳು ಹೊರಟುನಿಂತಳು. ಯಾವಾಗ ಬರುತ್ತೇನೋ ಹೇಳಲಾರೆ ಅಂದಳು. ಆ ಸಂಜೆ ಪೂಜಾ ಹೋದರೆ ಬಾಯಿ ಬಿಡಲಿಲ್ಲ. ಶಿವಶಂಕರ್ ಹೋದರೂ ಇಲ್ಲ. "ತಂಗವ್ವ ಎಲ್ಲಿ?" ಅಂತ ಬಾಗಿಲು ನೋಡುವುದೊಂದೇ. ಮಾತ್ರೆ ಮತ್ತೆ ತಪ್ಪಿತು. ಇನ್ನೊಂದು ಮೆಟ್ಟಿಲಿನ ಕೆಳಗೆ ಏನಿದೆ ಅಂತ ಡಾಕ್ಟರನ್ನು ಕೇಳುವ ಅಗತ್ಯ ಯಾರಿಗೂ ಇರಲಿಲ್ಲ.

ಬೆಳಗ್ಗೆ ಸುಂದ್ರಮ್ಮ ಬಚ್ಚಲಿಗೆ ಹೋಗಿ ಕೈಗೆ ಸೋಪು ಸವರಿಕೊಂಡಳು. ಬಳೆಗಳನ್ನು ಒಂದೊಂದಾಗಿ ಜಾರಿಸಿ ತೆಗೆದು ಗೂಡಿನಲ್ಲಿಟ್ಟಳು. ಟೂತ್‌ಬ್ರಶ್ ಹಿಡಿದು ಬಂದ ಪೂಜಾ ನೋಡಿ ಬೆಚ್ಚಿಬಿದ್ದಳು.

"ಅತ್ತೆ! ಏನಿದು? ಮಾವ ಬದುಕಿ ಕೂತಿರುವಾಗ..."

"ಬದುಕಿರ್ಲಿ ಅಂತಲೇ ಕಣವ್ವ," ಅಂದಳು ಸುಂದ್ರಮ್ಮ. ಕುಂಕುಮ ಒರೆಸಿಕೊಂಡು ವಿಭೂತಿ ಇಟ್ಟುಕೊಂಡಳು. ತಾಳಿಯನ್ನು ರವಿಕೆಯೊಳಗೆ ಸೇರಿಸಿದಳು. ಪೆಟ್ಟಿಗೆಯಿಂದ ಅವ್ವನ ಕಾಲದ ಒಂದು ಬಿಳಿ ಸೀರೆ ತೆಗೆದು ಉಟ್ಟು, ಸೆರಗನ್ನು ಹಣೆ ತನಕ ಎಳೆದುಕೊಂಡಳು. ಪೂಜಾ ಅಳುತ್ತಾ ಗಂಜಿಯ ಬಟ್ಟಲು ತಂದುಕೊಟ್ಟಳು.

ಕೋಣೆಯ ಬಾಗಿಲಲ್ಲಿ ಸುಂದ್ರಮ್ಮನ ಕಾಲು ನಿಂತಿತು. ಸೀರೆ ಉಟ್ಟದ್ದಾಯಿತು, ಬಳೆ ತೆಗೆದದ್ದಾಯಿತು. ಮುಂದಿನ ಮಾತು ಅದಕ್ಕಿಂತ ಕಷ್ಟದ್ದು. ಕಟ್ಟಿಕೊಂಡ ಗಂಡನನ್ನು ಆ ಮಾತಿನಲ್ಲಿ ಕರೆದ ಹೆಂಗಸು ಈ ಸೀಮೆಯಲ್ಲಿ ಹುಟ್ಟಿರಲಿಕ್ಕಿಲ್ಲ. ಗಂಟಲು ಸರಿಮಾಡಿಕೊಂಡಳು.

"ಅಣ್ಣಾ."

ಗೋಡೆಯ ಕಡೆ ತಿರುಗಿದ್ದ ಮುಖ ಈ ಕಡೆ ಬಂತು. "ತಂಗವ್ವಾ?"

"ಹೂಂ ಕಣಣ್ಣ. ಬಾಯಿ ತಗೀರಿ."

ಅವರು ಬಾಯಿ ತೆರೆದರು. ಎಷ್ಟೋ ವಾರಗಳ ಮೇಲೆ ಗಂಡ ಅವಳ ಕೈತುತ್ತು ತಿಂದರು. ಬಿಸಿ ಆರಿಸಿ, ಚಮಚದ ತಳ ಬಟ್ಟಲಿಗೆ ಒರೆಸಿ, ಎಡಗಡೆಯಿಂದ ಕೊಟ್ಟಳು. ಗಲ್ಲಕ್ಕೆ ಇಳಿದದ್ದನ್ನು ಬೆರಳಿನಿಂದ ಮೇಲಕ್ಕೆತ್ತಿ ಬಾಯಿಗೇ ಹಾಕಿದಳು. ಅವರು ತಳ್ಳಲಿಲ್ಲ. ಸೆರಗಿನ ಮರೆಯಲ್ಲಿ ಅವಳ ಕಣ್ಣೀರು ಸುರಿಯುತ್ತಿದ್ದದ್ದು ಅವರಿಗೆ ಕಾಣಲಿಲ್ಲ.

ಗಂಜಿ ಮುಗಿಯಿತು. ಮಾತ್ರೆ ಎತ್ತಿಕೊಂಡಾಗ ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಅವ್ಳು ಇದಾಳಾ?"

"ಯಾರಣ್ಣ?"

"ಆ ಸುಳ್ಳಿ. ಆಯ್ತು, ಆಯ್ತು ಅಂತಾಳೆ. ಆಗಿರಲ್ಲ." ಮಾತು ತಡವರಿಸಿ, ಉಸಿರು ಸೇದಿ, ಮತ್ತೆ ಶುರುಮಾಡಿದರು. "ನಮ್ಮ ಸುಂದ್ರಾ ಇದ್ದಿದ್ರೆ ಅವ್ಳನ್ನ ಹೊಸ್ಲು ದಾಟಕ್ಕೆ ಬುಡ್ತಿರ್ಲಿಲ್ಲ. ಸುಂದ್ರಾ ಸುಳ್ಳೇಳೋಳಲ್ಲ."

ಸುಂದ್ರಮ್ಮನ ಬೆರಳ ತುದಿಯಲ್ಲಿ ಮಾತ್ರೆ ಹಾಗೇ ನಿಂತಿತು. ನಾನೇ ಕಣ್ರೀ ಸುಂದ್ರಾ, ಇಲ್ಲಿದೀನಿ, ನೋಡಿ ಅಂತ ಸೆರಗು ತೆಗೆದು ಚೀರಬೇಕೆನ್ನಿಸಿತು. ಚೀರಿದರೆ ಈ ಬಾಯಿ ಮುಚ್ಚಿಹೋಗುತ್ತದೆ, ಮತ್ತೆ ಯಾವ ವೇಷಕ್ಕೂ ತೆರೆಯುವುದಿಲ್ಲ.

"ಅವ್ಳನ್ನ ಕಳಿಸ್ಬುಡವ್ವ," ಅಂದರು ನೀಲಕಂಠಸ್ವಾಮಿ, ಬೇಡುವವರ ಹಾಗೆ. "ಬರ್ಬಾರ್ದು ಅನ್ನು."

"ಕಳಿಸ್ಬುಟ್ಟೆ ಕಣಣ್ಣ," ಅಂದಳು ಸುಂದ್ರಮ್ಮ. "ಅವ್ಳಿನ್ನು ಬರಾಕಿಲ್ಲ."

ನೀಲಕಂಠಸ್ವಾಮಿ ನೆಮ್ಮದಿಯಿಂದ ಬಾಯಿ ತೆರೆದರು. ಅವಳು ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು, ನೀರು ಕುಡಿಸಿ, ಸೆರಗಿನ ತುದಿಯಿಂದ ತುಟಿ ಒರೆಸಿದಳು.